ಹಣ ಬಾರದವರ ಪಟ್ಟಿಯನ್ನೂ ಕೇಳಬೇಕು: ನನ್ನ ಅನುಭವ

2020ರ ಲಾಕ್‌ಡೌನ್‌ನಲ್ಲಿ ಶಿರಸಿ ತಾಲ್ಲೂಕಿನ ಬನವಾಸಿ ಭಾಗದ ಅನಾನಸು ಲಾರಿ ಏರದೆ ಹೊಲದಲ್ಲೇ ಕೊಳೆಯಿತು. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಹಣ್ಣು ಮತ್ತು ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ 15,000 ರೂಪಾಯಿ ಪರಿಹಾರ ಘೋಷಿಸಿತು. ಹಣ ಖಾತೆಗಳಿಗೆ ಜಮೆಯಾಗತೊಡಗಿದಂತೆ ನಮ್ಮೂರಿನಲ್ಲಿ, ಬೆಳೆದವನಿಗೆ ಬಾರದ ಹಣ ಬೆಳೆಯದವನಿಗೆ ಬಂದಿದೆ ಎಂಬ ಮಾತು ಎದ್ದಿತು. ಕಟ್ಟೆಯ ಮೇಲೆ ಕುಳಿತು ಹೆಸರು ಎತ್ತಾಡುವುದಕ್ಕಿಂತ ದಾಖಲೆ ನೋಡುವುದು ಮೇಲೆಂದು ನಾನು ಮಾಹಿತಿ ಹಕ್ಕಿನ ಅರ್ಜಿ ಬರೆದೆ.

ಸಹಾಯಧನ ಪಡೆದವರ ವಿವರವನ್ನು ಯಾರೂ ಕೇಳದಿದ್ದರೂ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಹೇಳುತ್ತದೆ. ಅದನ್ನು ಉಲ್ಲೇಖಿಸಿದರೆ ಅರ್ಜಿಗೆ ಬಲ ಬರುತ್ತದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದಗಳನ್ನು ಮೀರಬಾರದು. ಆದ್ದರಿಂದ 10 ರೂಪಾಯಿ ಶುಲ್ಕದ ಎರಡು ಅರ್ಜಿಗಳನ್ನು ಹಾಕಿದೆ. ಮೊದಲನೆಯದರಲ್ಲಿ ನಮ್ಮ ಪಂಚಾಯಿತಿ ವ್ಯಾಪ್ತಿಯ ಫಲಾನುಭವಿಗಳ ಹೆಸರು, ಸರ್ವೆ ನಂಬರ್, ಬೆಳೆ, ವಿಸ್ತೀರ್ಣ ಮತ್ತು ಪಾವತಿಯಾದ ಮೊತ್ತವನ್ನು ಕೇಳಿದೆ. ಎರಡನೆಯದರಲ್ಲಿ ತಿರಸ್ಕೃತವಾದ ಅಥವಾ ಪಾವತಿ ವಿಫಲವಾದ ಪ್ರಕರಣಗಳನ್ನು ಕಾರಣಸಹಿತ ಕೇಳಿದೆ. ಆಧಾರ್ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆ ಬೇಡವೆಂದು ಎರಡರಲ್ಲೂ ನಮೂದಿಸಿದೆ. ಅವು ನನಗೆ ಬೇಕಿರಲಿಲ್ಲ; ಖಾಸಗಿ ಮಾಹಿತಿಯೆಂಬ ನೆಪದಲ್ಲಿ ಅರ್ಜಿಯನ್ನು ತಳ್ಳಿಹಾಕುವ ದಾರಿಯೂ ಇದರಿಂದ ಮುಚ್ಚಿತು. ಮೊದಲ ಪಟ್ಟಿ 30 ದಿನಗಳ ಗಡುವಿನೊಳಗೆ ಬಂತು, ಎರಡನೆಯದಕ್ಕೆ ಮೇಲ್ಮನವಿ ಹಾಕಬೇಕಾಯಿತು.

ಮೊದಲ ಪಟ್ಟಿಯನ್ನು ಸರ್ವೆ ನಂಬರಿನ ಕ್ರಮದಲ್ಲಿ ಜೋಡಿಸಿ ಪಹಣಿಯೊಡನೆ ತಾಳೆ ನೋಡಿದೆ. ಹೆಕ್ಟೇರಿಗೆ 15,000 ಎಂದರೆ ಎಕರೆಗೆ ಹೆಚ್ಚುಕಡಿಮೆ 6,000, ಗುಂಟೆಗೆ 150 ರೂಪಾಯಿ; ಇಷ್ಟು ತಿಳಿದಿದ್ದರೆ ಮೊತ್ತ ಸರಿಯೋ ತಪ್ಪೋ ಎಂಬುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಊರಿನವರು ಶಂಕಿಸಿದಷ್ಟು ಅಕ್ರಮ ಅದರಲ್ಲಿ ಕಾಣಲಿಲ್ಲ. ನಿಜವಾದ ಸಂಗತಿ ಇದ್ದದ್ದು ಎರಡನೆಯ ಪಟ್ಟಿಯಲ್ಲಿ. ಎಳೆಯ ಅಡಿಕೆ ತೋಟದ ನಡುವೆ ಅನಾನಸು ಹಾಕಿದವರ ಜಮೀನಿನಲ್ಲಿ ಸರ್ಕಾರದ ಬೆಳೆ ಸಮೀಕ್ಷೆಯು ಅಡಿಕೆಯನ್ನಷ್ಟೇ ದಾಖಲಿಸಿತ್ತು. ತೀರಿಹೋದ ಅಜ್ಜನ ಹೆಸರಿನಲ್ಲೇ ಪಹಣಿ ಉಳಿದಿದ್ದ ಮನೆಗಳಿಗೆ ಪೌತಿ ಖಾತೆಯಾಗದೆ, ಅಂದರೆ ಜಮೀನು ವಾರಸುದಾರರ ಹೆಸರಿಗೆ ಬದಲಾಗದೆ, ಹಣ ಬಂದಿರಲಿಲ್ಲ; ಒಂದೇ ಪಹಣಿಯಲ್ಲಿ ಹಲವರ ಹೆಸರಿರುವ ಜಂಟಿ ಖಾತೆಯವರಲ್ಲಿ ಒಬ್ಬರ ಒಪ್ಪಿಗೆ ಸಿಗದೆ ಉಳಿದವರೂ ಹೊರಗುಳಿದಿದ್ದರು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ಹಿಂದಿರುಗಿದ ಪ್ರಕರಣಗಳು ಮಾತ್ರ ಬೇಗ ಬಗೆಹರಿದವು.

ಗ್ರಾಮಸಭೆಯಲ್ಲಿ ಎರಡೂ ಪಟ್ಟಿಗಳನ್ನು ಓದಿಸುವ ಮೊದಲು ಹೆಸರಿದ್ದವರ ಮನೆಗಳಿಗೆ ಹೋಗಿ ತಿಳಿಸಿ ಬಂದಿದ್ದೆ. ಹಿರಿಯರೊಬ್ಬರು, "ತಮ್ಮಾ, ನನ್ನ ಹೆಸರು ಎಲ್ಲರೆದುರು ಓದಿದರೆ ಬೇಜಾರಿಲ್ಲ, ಯಾಕೆ ಬರಲಿಲ್ಲ ಅನ್ನೋದನ್ನೂ ಓದು" ಎಂದರು. ಕಾರಣವನ್ನು ಬಿಟ್ಟು ಹೆಸರನ್ನಷ್ಟೇ ಗೋಡೆಗೆ ಅಂಟಿಸುವ ಪಾರದರ್ಶಕತೆಯಿಂದ ಜಗಳ ಹುಟ್ಟೀತೇ ಹೊರತು ಪರಿಹಾರ ಸಿಗದು ಎಂಬುದು ನನ್ನ ಅಭಿಪ್ರಾಯ.

ಪಟ್ಟಿಗೆ ಸಿಲುಕದ ಇನ್ನೊಂದು ವರ್ಗವೂ ಇತ್ತು. ನಮ್ಮಲ್ಲಿ ಅನಾನಸನ್ನು ಬಹುಪಾಲು ಗುತ್ತಿಗೆಗೆ ಪಡೆದ ಜಮೀನಿನಲ್ಲಿ ಬೆಳೆಯುತ್ತಾರೆ. ನಷ್ಟ ಗುತ್ತಿಗೆದಾರನದು, ಪರಿಹಾರ ಪಹಣಿದಾರನದು. ಬಾಯಿಮಾತಿನ ಗುತ್ತಿಗೆಗೆ ಯಾವ ಕಾಗದವೂ ಇಲ್ಲದ ಕಾರಣ ಗುತ್ತಿಗೆದಾರರು ಪರಿಹಾರಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ, ಹಾಗಾಗಿ ತಿರಸ್ಕೃತರ ಪಟ್ಟಿಯಲ್ಲಿಯೂ ಕಾಣಿಸಲಿಲ್ಲ. ಕೆಲವು ಜಮೀನುದಾರರು ತಾವಾಗಿಯೇ ಹಣವನ್ನು ಗುತ್ತಿಗೆದಾರರೊಡನೆ ಹಂಚಿಕೊಂಡರು.

2021ರಲ್ಲಿ ಹೆಕ್ಟೇರಿಗೆ 10,000 ರೂಪಾಯಿಯ ಪರಿಹಾರ ಘೋಷಣೆಯಾದಾಗ ನಮ್ಮವರು ಹಣಕ್ಕಾಗಿ ಕಾದು ಕೂರದೆ, ಬೆಳೆ ಸಮೀಕ್ಷೆಯ ವಿವರ ತೋರಿಸುವ ಬೆಳೆ ದರ್ಶಕ ಆ್ಯಪ್‌ನಲ್ಲಿ ತಮ್ಮ ತಮ್ಮ ಸರ್ವೆ ನಂಬರಿಗೆ ಯಾವ ಬೆಳೆ ನಮೂದಾಗಿದೆ ಎಂದು ಮೊದಲು ನೋಡಿಕೊಂಡರು.