ವಿಡಿಯೋ ಬರ್ತಿದೆ, ಪ್ರೊಜೆಕ್ಟರ್ ಮಾತ್ರ ಆಫ್ ಆಗ್ತಿಲ್ಲ: ಮ್ಯಾಟ್ರಿಕ್ಸ್ ಸ್ವಿಚರ್ ಸೀರಿಯಲ್ ರೂಟಿಂಗ್, ನನ್ನ ಅನುಭವ

ಶಿವಮೊಗ್ಗ ಕಡೆ ಒಂದು ಕಾಲೇಜಿನ ಸಭಾಂಗಣದ ಕೆಲಸ ಇದು. 8 ಇನ್‌ಪುಟ್ 8 ಔಟ್‌ಪುಟ್ ಎಚ್‌ಡಿಬೇಸ್‌ಟಿ ಮ್ಯಾಟ್ರಿಕ್ಸ್ (ಯಾವ ಸೋರ್ಸನ್ನ ಯಾವ ಸ್ಕ್ರೀನಿಗೆ ಬೇಕಾದ್ರೂ ಕಳಿಸೋ ಪೆಟ್ಟಿಗೆ), ಎರಡು ಎಪ್ಸನ್ ಪ್ರೊಜೆಕ್ಟರ್, ಗ್ರೀನ್ ರೂಮಲ್ಲಿ ಒಂದು ಟಿವಿ, ಪೋಡಿಯಂ ಮೇಲೆ ಟಚ್ ಪ್ಯಾನಲ್. ರ್‍ಯಾಕಿಂದ ಪ್ರೊಜೆಕ್ಟರಿಗೆ 45 ಮೀಟರ್ ಇತ್ತು. ಆರ್‌ಎಸ್-232 (ಆನ್-ಆಫ್ ಥರದ ಕಮಾಂಡ್ ಕಳಿಸೋ ಸೀರಿಯಲ್ ಲೈನು) ಕೇಬಲ್ಲಿಗೆ ಹಳೇ ಲೆಕ್ಕದಲ್ಲಿ 15 ಮೀಟರ್ರೇ ಮಿತಿ, ಆದ್ರೆ ಎಚ್‌ಡಿಬೇಸ್‌ಟಿ ಒಂದೇ ಕ್ಯಾಟ್ 6 ಕೇಬಲಲ್ಲಿ ವಿಡಿಯೋ ಜೊತೆಗೆ ಸೀರಿಯಲನ್ನೂ ಹೊತ್ಕೊಂಡು ಹೋಗುತ್ತೆ, ಹಾಗಾಗಿ ಬೇರೆ ವೈರ್ ಎಳೀಲೇ ಇಲ್ಲ. ಲ್ಯಾನ್ ಮೇಲೆ ಪಿಜೆಲಿಂಕ್ (ನೆಟ್‌ವರ್ಕಲ್ಲಿ ಪ್ರೊಜೆಕ್ಟರ್ ಕಂಟ್ರೋಲ್ ಮಾಡೋ ವಿಧಾನ) ಮಾಡ್ಬಹುದಿತ್ತಲ್ಲ ಅಂತ ಕೇಳ್ತೀರ, ಮಾಡ್ಬಹುದಿತ್ತು, ಅಲ್ಲಿ ನಮಗೆ ಫಿಕ್ಸ್ ಐಪಿ (ಬದಲಾಗದ ನೆಟ್‌ವರ್ಕ್ ವಿಳಾಸ) ಸಿಗ್ಲಿಲ್ಲ ಅಷ್ಟೇ.

ಮೊದಲು ಒಂದು ವಿಷ್ಯ, ಹೊಸಬರು ಇಲ್ಲೇ ಎಡವ್ತಾರೆ. ಮ್ಯಾಟ್ರಿಕ್ಸ್ ಹಿಂದೆ ಸೀರಿಯಲ್ ಪೋರ್ಟ್ ಎರಡು ಥರ ಇರ್ತವೆ. ಒಂದು ಮ್ಯಾಟ್ರಿಕ್ಸಿಗೇ ಆರ್ಡರ್ ಕೊಡೋಕೆ, ಇನ್ನೊಂದು ಥರದ್ದು ಪ್ರತಿ ಇನ್‌ಪುಟ್ ಪಕ್ಕ ಇರೋ ಪಾಸ್-ಥ್ರೂ ಪೋರ್ಟು, ಅದರಲ್ಲಿ ಏನ್ ಹಾಕಿದ್ರೂ ಮ್ಯಾಟ್ರಿಕ್ಸ್ ಅದನ್ನ ಓದಲ್ಲ, ಆಚೆ ತುದಿಗೆ ಹಾಗೇ ದಾಟಿಸುತ್ತೆ. ನಾನು ಕಂಟ್ರೋಲರ್‌ನ (ಟಚ್ ಪ್ಯಾನಲ್ ಒತ್ತಿದಾಗ ಕಮಾಂಡ್ ಕಳಿಸೋ ಡಬ್ಬಿ) ಸೀರಿಯಲ್ ಪೋರ್ಟ್ ಕಾಮ್ 1 ಅನ್ನ ಮೊದಲನೇದಕ್ಕೂ ಕಾಮ್ 2 ಅನ್ನ ಇನ್‌ಪುಟ್ 1ರ ಪಾಸ್-ಥ್ರೂಗೂ ಕೊಟ್ಟೆ. ಪೋಡಿಯಂ ಪಿಸಿ ಇನ್‌ಪುಟ್ 1ರಲ್ಲಿತ್ತು, ಟೆಸ್ಟ್ ಮಾಡಿದೆ, ಎಲ್ಲ ಓಕೆ, ಸೈನ್ ಹಾಕಿಸ್ಕೊಂಡು ಬಂದೆ.

ಎರಡು ದಿನಕ್ಕೆ ಫೋನು. "ಸಾರ್, ಮೊನ್ನೆ ಆಫ್ ಆಗ್ತಿತ್ತಲ್ಲ, ಇವತ್ತು ಏನ್ ಒತ್ತಿದ್ರೂ ಆಗ್ತಿಲ್ಲ. ಪಿಕ್ಚರ್ ಮಾತ್ರ ಚೆನ್ನಾಗ್ ಬರ್ತಿದೆ." ಬಸ್ ಹತ್ತಿದೆ.

ಹೋದವನೇ ಕೇಬಲ್ ಮೇಲೇ ಅನುಮಾನ ಪಟ್ಟೆ, ಅಭ್ಯಾಸ. ಏಣಿ ಹತ್ತಿ ರಿಸೀವರ್ (ಪ್ರೊಜೆಕ್ಟರ್ ಹತ್ರ ಕ್ಯಾಟ್ 6 ಹೋಗಿ ಸೇರೋ ಡಬ್ಬಿ) ತುದಿಯಲ್ಲಿ ಸೀರಿಯಲ್ಲಿನ ಕಳಿಸೋ, ಪಡೆಯೋ ಪಿನ್ನುಗಳಾದ ಟಿಎಕ್ಸ್ ಆರ್‌ಎಕ್ಸ್ ಎರಡನ್ನೂ ಒಂದು ತುಂಡು ವೈರಲ್ಲಿ ಶಾರ್ಟ್ ಮಾಡಿದೆ, ಕೆಳಗೆ ಲ್ಯಾಪ್‌ಟಾಪಿನ ಪುಟ್ಟಿ ಅನ್ನೋ ಸೀರಿಯಲ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ ಅಕ್ಷರ ವಾಪಸ್ ಬಂದ್ರೆ ಲೈನ್ ಸರಿ ಇದೆ ಅಂತ. ಬರ್ಲಿಲ್ಲ. ಆಮೇಲೆ ಸುಮ್ನೆ ಪ್ಯಾನಲಲ್ಲಿ ಸೋರ್ಸ್ ಪಿಸಿಗೆ ಬದಲಾಯಿಸಿದೆ ನೋಡಿ, ಅಕ್ಷರ ದಬದಬ ಅಂತ ವಾಪಸ್ ಬಂದ್ವು! ಆಗ ಹೊಳೀತು. ಮ್ಯಾಟ್ರಿಕ್ಸಲ್ಲಿ ಸೀರಿಯಲ್ಲು ವಿಡಿಯೋ ಹಿಂದೆ ಹೋಗೋ ಮೋಡಲ್ಲಿ ಇತ್ತು. ಯಾರೋ ಲ್ಯಾಪ್‌ಟಾಪ್ ಹಾಕಿ ಇನ್‌ಪುಟ್ 3 ಆರಿಸಿದ್ದಾರೆ, ಪ್ರೊಜೆಕ್ಟರ್‌ನ ಸೀರಿಯಲ್ಲೂ ಇನ್‌ಪುಟ್ 3ರ ಪೋರ್ಟಿಗೆ ಹೋಗಿ ಕೂತಿದೆ, ಅಲ್ಲಿ ಏನೂ ಕನೆಕ್ಟೇ ಆಗಿಲ್ಲ. ನಾನು ಟೆಸ್ಟ್ ಮಾಡಿದ್ದು ಒಂದೇ ಸೋರ್ಸಲ್ಲಿ. ಬೈಕೊಂಡೆ ನನ್ನನ್ನೇ.

ಆ ಮೋಡ್ ತೆಗೆದು ಸೀರಿಯಲ್ ರೂಟನ್ನ ಬೇರೆ ಮಾಡಿದೆ, ವಿಡಿಯೋ ಎಲ್ಲಿಗಾದ್ರೂ ಹೋಗ್ಲಿ ಇನ್‌ಪುಟ್ 1ರ ಸೀರಿಯಲ್ ಮಾತ್ರ ಔಟ್‌ಪುಟ್ 1, 2, 3ಕ್ಕೇ. ಮುಗೀತು ಅಂದ್ಕೊಂಡ್ರೆ ಮುಗೀಲಿಲ್ಲ. ಕಳಿಸೋದು ಒಂದರಿಂದ ಮೂರಕ್ಕೂ ಆರಾಮಾಗಿ ಹೋಗುತ್ತೆ, ಉತ್ತರ ಬರೋವಾಗ ಎರಡು ಪ್ರೊಜೆಕ್ಟರ್ ಒಟ್ಟಿಗೆ ಮಾತಾಡ್ತವೆ, ಸ್ಕ್ರೀನ್ ಮೇಲೆ ಕಲಸುಮೇಲೋಗರ. ಎಪ್ಸನ್‌ಗೆ "ಪಿಡಬ್ಲ್ಯುಆರ್?" (PWR?, ಪವರ್ ಸ್ಥಿತಿ ಕೇಳೋ ಕಮಾಂಡ್) ಕಳಿಸಿ ಎಂಟರ್ ಕೊಟ್ರೆ 01 ಅಂದ್ರೆ ಆನ್, 02 ಅಂದ್ರೆ ಬಿಸಿಯಾಗ್ತಿದೆ, 03 ಅಂದ್ರೆ ತಣ್ಣಗಾಗ್ತಿದೆ, ಕೊನೇಲಿ ಒಂದು ಕೋಲನ್ ಬರುತ್ತೆ. ಆ ಕೋಲನ್ ಬರೋವರೆಗೂ ಮುಂದಿನ ಕಮಾಂಡ್ ಕಳಿಸಬಾರದು. ಹಾಗಾಗಿ ಪ್ರೋಗ್ರಾಮಲ್ಲಿ ಸಾಲಾಗಿ ಮಾಡಿಸಿದೆ: ಕಾಮ್ 1ರಿಂದ ಮ್ಯಾಟ್ರಿಕ್ಸಿಗೆ ಸೀರಿಯಲ್ ಔಟ್ 1ಕ್ಕೆ ಕೊಡು ಅಂತ ಹೇಳೋದು, ಕಾಲು ಸೆಕೆಂಡ್ ಬಿಡೋದು, ಕಾಮ್ 2ರಿಂದ ಕಮಾಂಡ್ ಬಿಡೋದು, ಕೋಲನ್‌ಗೆ ಕಾಯೋದು, ಬರದಿದ್ರೆ ಮೂರು ಸೆಕೆಂಡಿಗೆ ಬಿಟ್ಟು ಔಟ್ 2ಕ್ಕೆ ಹೋಗೋದು. ನಿಧಾನ, ಆದ್ರೆ ಯಾರು ಉತ್ತರ ಕೊಟ್ರು ಅಂತ ಗೊತ್ತಾಗುತ್ತೆ.

ಟಿವಿದು ಬೇರೆ ಕಥೆ. ಅದರ ಬಾಡ್ ರೇಟ್ (ಸೀರಿಯಲ್ ವೇಗ) 19200ರಲ್ಲಿ ಕೂತಿತ್ತು, ನಮ್ಮ ಲೈನು 9600, ಬಂದಿದ್ದೆಲ್ಲ ಚಿತ್ರವಿಚಿತ್ರ ಅಕ್ಷರ. ಟಿವಿ ಮೆನುವಲ್ಲೇ 9600ಕ್ಕೆ ಇಳಿಸಿದೆ. ಅಕ್ಷರ ಕೆಟ್ಟು ಬಂದ್ರೆ ಬಾಡ್ ರೇಟ್ ನೋಡಿ, ಏನೂ ಬರದೇ ಇದ್ರೆ 2-3ನೇ ಪಿನ್ (ಟಿಎಕ್ಸ್, ಆರ್‌ಎಕ್ಸ್) ಅದಲು ಬದಲಾಗಿದ್ಯಾ ನೋಡಿ. ಮಲ್ಟಿಮೀಟರಲ್ಲಿ ಗ್ರೌಂಡಿಗೆ (5ನೇ ಪಿನ್) ಹೋಲಿಸಿ ಅಳೆದ್ರೆ, ಸುಮ್ನಿದ್ದಾಗ ಮೈನಸ್ 5ರಿಂದ ಮೈನಸ್ 12 ವೋಲ್ಟ್ ತೋರಿಸೋ ಪಿನ್ನೇ ಆ ಸಾಧನದ ಟಿಎಕ್ಸು.

ಹೊರಡೋ ಮುಂಚೆ ಇನ್ನೊಂದು ಸಿಕ್ತು. ಹಳೇ ಪ್ರಿಸೆಟ್ (ಮೊದಲೇ ಸೇವ್ ಮಾಡಿಟ್ಟ ರೂಟಿಂಗ್) ಒತ್ತಿದ ತಕ್ಷಣ ಸೀರಿಯಲ್ ಮತ್ತೆ ಇನ್‌ಪುಟ್ 3ಕ್ಕೆ! ಪ್ರಿಸೆಟ್ಟಲ್ಲಿ ವಿಡಿಯೋ ಜೊತೆ ಸೀರಿಯಲ್ ರೂಟೂ ಸೇವ್ ಆಗಿತ್ತು. ಆರೂ ಪ್ರಿಸೆಟ್ ಮತ್ತೆ ಸೇವ್ ಮಾಡಿ, ಪವರ್-ಆನ್ ಡೀಫಾಲ್ಟಿಗೂ ಬರೆದು, ಮಳೆಗಾಲದ ಊರಲ್ವಾ, ಮೇನ್ ಸ್ವಿಚ್ಚನ್ನೇ ಮೂರ್ ಸಲ ಆಫ್-ಆನ್ ಮಾಡಿಸಿದೆ. ಎಂಟೂ ಇನ್‌ಪುಟಲ್ಲಿ ಒಂದೊಂದಾಗಿ ಆಫ್ ಬಟನ್ ಒತ್ತಿ ನೋಡಿ, ರಾತ್ರಿ ಬಸ್ಸಿಗೆ ವಾಪಸ್ ಹೊರಟೆ.