ಹೊಸ ಕಂಪ್ಯೂಟರಿಗೆ ಲೋಕಲ್ ಸರ್ವರ್ ಸಾಗಿಸುವ ಮುನ್ನ
ಸದಸ್ಯರಿಗೆ ನಮಸ್ಕಾರ. ಮೈಸೂರಿನ ಸರಸ್ವತಿಪುರಂನ ನಮ್ಮ ಪುಟ್ಟ ಕಚೇರಿಯಲ್ಲಿ ಕಂಪ್ಯೂಟರ್ ಬದಲಿಸಿದಾಗ, ಝ್ಯಾಂಪ್‌ನ (ಸ್ವಂತ ಕಂಪ್ಯೂಟರಿನಲ್ಲೇ ವೆಬ್ ಸರ್ವರ್ ಮತ್ತು ಡೇಟಾಬೇಸ್ ನಡೆಸುವ ತಂತ್ರಾಂಶಗಳ ಗುಚ್ಛ) ಡೇಟಾಬೇಸ್ ಫೋಲ್ಡರುಗಳನ್ನಷ್ಟೇ ಪೆನ್‌ಡ್ರೈವಿನಲ್ಲಿ ತಂದು ಹಾಕಿದ್ದರಿಂದ ಕೋಷ್ಟಕಗಳ ಹೆಸರು ಕಾಣಿಸಿದರೂ ಒಂದೂ ತೆರೆಯಲಿಲ್ಲ. ಇನೋಡಿಬಿ ಎಂಬ ಶೇಖರಣಾ ಮಾದರಿಯ ಕೋಷ್ಟಕಗಳ ವಿವರಪಟ್ಟಿಯು ಡೇಟಾ ಫೋಲ್ಡರಿನೊಳಗಿನ ಐಬಿಡೇಟಾ1 ಎಂಬ ಪ್ರತ್ಯೇಕ ಕಡತದಲ್ಲಿ ಇರುವುದೇ ಇದಕ್ಕೆ ಕಾರಣ. ಹೊಸ ಯಂತ್ರದ ಐಬಿಡೇಟಾ1 ಅನ್ನು ಅಳಿಸಿ ನೋಡುವ ಸಾಹಸವನ್ನು ದಯವಿಟ್ಟು ಮಾಡಬೇಡಿ. ನಾನು ಮಾಡಿ ಅರ್ಧ ದಿನ ಕಳೆದುಕೊಂಡೆ. ಹಳೆಯ ಯಂತ್ರ ಇನ್ನೂ ಚಾಲೂ ಆಗುವಂತಿದ್ದರೆ, ಅದರಲ್ಲಿ ಪಿಎಚ್‌ಪಿಮೈಅಡ್ಮಿನ್ (ಬ್ರೌಸರಿನಿಂದ ಡೇಟಾಬೇಸ್ ನಿರ್ವಹಿಸುವ ಸಾಧನ) ತೆರೆದು ಪ್ರತಿ ಡೇಟಾಬೇಸನ್ನೂ ಎಸ್‌ಕ್ಯೂಎಲ್ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ, ಹೊಸದರಲ್ಲಿ ಇಂಪೋರ್ಟ್ ಮಾಡುವುದೇ ಸುರಕ್ಷಿತ ಮಾರ್ಗ. ಹಳೆಯ ಯಂತ್ರ ಕೆಟ್ಟಿದ್ದರೆ, ಸರ್ವರ್ ನಿಲ್ಲಿಸಿದ ಸ್ಥಿತಿಯಲ್ಲಿ, ಝ್ಯಾಂಪ್‌ನ ಹಳೆಯ ಆವೃತ್ತಿಯನ್ನೇ ಹೊಸ ಯಂತ್ರದಲ್ಲಿ ಅಳವಡಿಸಿಕೊಂಡು ಇಡೀ ಡೇಟಾ ಫೋಲ್ಡರನ್ನು ತರಬೇಕಾಗುತ್ತದೆ.

ಝ್ಯಾಂಪ್‌ನ ವೆಬ್ ಸರ್ವರ್ ಆದ ಅಪಾಚೆ ಆರಂಭವಾಗದಿದ್ದರೆ ಸಾಮಾನ್ಯವಾಗಿ 80ನೇ ಪೋರ್ಟನ್ನು (ಸಂಪರ್ಕದ ದ್ವಾರವನ್ನು) ಬೇರೊಂದು ತಂತ್ರಾಂಶ ಹಿಡಿದಿರುತ್ತದೆ. ಅಪಾಚೆಯ ಎಚ್‌ಟಿಟಿಪಿಡಿ ಕಾನ್ಫ್ ಎಂಬ ಸೆಟ್ಟಿಂಗ್ಸ್ ಕಡತದಲ್ಲಿ ಆ 80 ಅನ್ನು 8080 ಎಂದು ಬದಲಿಸಿದರೆ ಸಾಕು. ಡೇಟಾಬೇಸ್ ಸರ್ವರ್ ಆದ ಮೈಎಸ್‌ಕ್ಯೂಎಲ್‌ಗೆ 3306ನೇ ಪೋರ್ಟಿನಲ್ಲಿಯೂ ಇದೇ ತಕರಾರು ಬರಬಹುದು. ಪಿಎಚ್‌ಪಿ ಎಂಬ ವೆಬ್ ಪ್ರೋಗ್ರಾಮಿಂಗ್ ಭಾಷೆಯ ಹಳೆಯ 5ನೇ ಆವೃತ್ತಿಯ ಕೋಡ್ ಇದ್ದವರು ಗಮನಿಸಿ: ಡೇಟಾಬೇಸಿಗೆ ಸಂಪರ್ಕ ಕಲ್ಪಿಸುವ ಮೈಎಸ್‌ಕ್ಯೂಎಲ್_ಕನೆಕ್ಟ್‌ನಂತಹ ಫಂಕ್ಷನ್ನುಗಳು 7ನೇ ಆವೃತ್ತಿಯಿಂದಲೇ ಇಲ್ಲವಾಗಿವೆ, ಆದ್ದರಿಂದ ಆ ಕೋಡ್ ಕೆಲಸ ಮಾಡದಿದ್ದರೆ ಸರ್ವರನ್ನು ದೂರಿ ಪ್ರಯೋಜನವಿಲ್ಲ.