ಝೋರ್ಕಿಗೆ ಫಿಲ್ಮ್ ಹಾಕುವ ನನ್ನ ಕ್ರಮ

ಹಳೇ ರೇಂಜ್‌ಫೈಂಡರ್ (ಲೆನ್ಸಿನ ಒಳಗಿಂದಲ್ಲ, ಬೇರೆ ಕಿಂಡಿಯಿಂದ ನೋಡಿ ಫೋಕಸ್ ಮಾಡುವ ಫಿಲ್ಮ್ ಕ್ಯಾಮೆರಾ) ತಗೊಂಡವರು ಲೆನ್ಸ್ ಹೇಗುಂಟು, ಫೋಕಸ್ ಸರಿ ಬರ್ತದಾ ಅಂತೆಲ್ಲ ಕೇಳ್ತಾರೆ, ಫಿಲ್ಮ್ ಹಾಕುವ ವಿಷಯ ಮಾತ್ರ ಯಾರೂ ಕೇಳುದಿಲ್ಲ. ಅಡಿಯಿಂದ ಫಿಲ್ಮ್ ಹಾಕುವ ಕ್ಯಾಮೆರಾ ಆದ್ರೆ ಅರ್ಧ ಕೆಲಸ ಅಲ್ಲೇ ಇರುದು. ನಾನು ಹೇಳುದು ಒಂದೇ, ಫಿಲ್ಮಿನ ತುದಿಯಲ್ಲಿರುವ ಸಪೂರ ನಾಲಗೆಯನ್ನು ಇನ್ನೂ ಉದ್ದಕ್ಕೆ ಕತ್ತರಿಸಿ, ಪ್ರತಿ ಸಲ ಕತ್ತರಿಸಿ, ಮನೆಯಲ್ಲೇ ಕತ್ತರಿಸಿ. ಉಳಿದ ಶಾರ್ಟ್‌ಕಟ್ ಎಲ್ಲ ಹತ್ತು ಸಲ ನಡೀತದೆ, ಹನ್ನೊಂದನೇ ಸಲ ಕೈ ಕೊಡ್ತದೆ.

ನನ್ನ ಹತ್ರ ಇರುದು ಝೋರ್ಕಿ 1 ಅಂತ ರಷ್ಯದ ಕ್ಯಾಮೆರಾ. ಮಾಸ್ಕೋ ಹತ್ರ ಕ್ರಾಸ್ನೊಗೋರ್ಸ್ಕ್ ಅಂತ ಉಂಟು, ಅಲ್ಲಿ 1948ರಿಂದ ಮಾಡ್ಲಿಕ್ಕೆ ಶುರು ಮಾಡಿದ್ದು, ಜರ್ಮನಿಯ ಲೈಕಾ 2ರ ನಕಲು. ಹಿಂದೆ ಬಾಗಿಲೇ ಇಲ್ಲ. ಅಡಿಯ ತಗಡು ಮಾತ್ರ ತೆಗೀಲಿಕ್ಕೆ ಬರ್ತದೆ, ಆ ಸಪೂರ ಸೀಳಿನಲ್ಲಿ ಫಿಲ್ಮನ್ನು ಅಂಚಿನ ಮೇಲೆ ನಿಲ್ಲಿಸಿ ಒಳಗೆ ಇಳಿಸ್ಬೇಕು. ಫೆಡ್ 1, ಲೆನ್ಸನ್ನು ತಿರುಪಿ ಕೂರಿಸುವ ಹಳೇ ಸ್ಕ್ರೂ ಮೌಂಟ್ ಲೈಕಾಗಳು ಎಲ್ಲ ಇದೇ ಜಾತಿ. ಗಲ್ಫಿಂದ ಬಂದ ಯಾಶಿಕಾ, ಕ್ಯಾನನ್ನು ನಮ್ಮ ಕಾಸರಗೋಡಿನ ಎಷ್ಟೋ ಮನೆಯ ಕಪಾಟಿನಲ್ಲಿ ಈಗ್ಲೂ ಉಂಟು, ಅದಕ್ಕೆಲ್ಲ ಈ ರಗಳೆ ಇಲ್ಲ, ಹಿಂದಿನ ಬಾಗಿಲು ತೆಗ್ದು ತುದಿಯನ್ನು ಸ್ಪೂಲಿನ ಸೀಳಿಗೆ ಸಿಕ್ಕಿಸಿ ಮುಚ್ಚಿದ್ರೆ ಆಯ್ತು. ಝೋರ್ಕಿ 4, ಫೆಡ್ 2 ಇದ್ದವರೂ ಆರಾಮ, ಹಿಂಭಾಗ ಪೂರ್ತಿ ಕಳಚಿ ಬರ್ತದೆ.

ಕತ್ತರಿಸುದು ಎಂತಕ್ಕೆ ಅಂದ್ರೆ, ಫಿಲ್ಮನ್ನು ಒತ್ತಿ ಹಿಡಿಯುವ ಪ್ಲೇಟಿಗೂ ಎದುರಿನ ಫ್ರೇಮಿಗೂ ನಡುವೆ ಜಾಗ ತೀರಾ ಕಮ್ಮಿ. ಪೂರ್ತಿ ಅಗಲದ ಫಿಲ್ಮ್ ಅಲ್ಲಿ ಇಳಿಸ್ಲಿಕ್ಕೆ ಹೋದ್ರೆ ಮೇಲಿನ ಅಂಚು ಎಲ್ಲಿಯಾದ್ರೂ ತಾಗಿ ನಿಲ್ತದೆ, ಹಲ್ಲಿನ ಚಕ್ರಕ್ಕೆ ಸರಿ ಕೂರುದಿಲ್ಲ, ನೀವು ಜೋರು ಮಾಡಿ ವೈಂಡ್ ಮಾಡಿದ್ರೆ (ಫಿಲ್ಮ್ ಮುಂದಕ್ಕೆ ಸುತ್ತಿದ್ರೆ) ತೂತಿನ ಹತ್ರ ಹರಿದು ಚಿಕ್ಕ ಚೂರು ಒಳಗೆ ಬೀಳ್ತದೆ. ನನ್ನ ಝೋರ್ಕಿ ರಿಪೇರಿಗೆ ಬಿಚ್ಚಿಸಿದಾಗ ಶಟರಿನ ರೋಲರ್ ಹತ್ರ ಅಂಥದ್ದೇ ಒಂದು ಚೂರು ಸಿಕ್ಕಿತ್ತು, ಉಗುರಿನಷ್ಟೂ ಇಲ್ಲ, ಕಂದು ಬಣ್ಣಕ್ಕೆ ತಿರುಗಿತ್ತು, ಎಷ್ಟು ವರ್ಷದ ಹಿಂದೆ ಯಾವ ರಷ್ಯದವ ಅವಸರ ಮಾಡಿದ್ನೋ ಏನೋ. ಅಷ್ಟು ಸಾಕು, ಶಟರಿನ ಬಟ್ಟೆಯ ಪರದೆ ಅರ್ಧದಲ್ಲಿ ನಿಲ್ತದೆ.

ಇದು ಕ್ಯಾಮೆರಾ ಮಾಡಿದವರ ತಪ್ಪಲ್ಲ. 1925ರಲ್ಲಿ ಮೊದಲ ಲೈಕಾ ಮಾರ್ಕೆಟಿಗೆ ಬಂದಾಗ ಈಗಿನ ಹಾಗೆ ಫಿಲ್ಮಿನ ರೆಡಿ ಡಬ್ಬಿ ಇರ್ಲಿಲ್ಲ, ಅದು ಕೊಡಾಕ್‌ನವರು 1934ರಲ್ಲಿ ತಂದದ್ದು. ಅಲ್ಲಿವರೆಗೆ ಹೆಚ್ಚಾಗಿ ಕತ್ತಲೆ ಕೋಣೆಯಲ್ಲಿ ಫಿಲ್ಮ್ ಅಳತೆ ಮಾಡಿ, ತುದಿ ಕತ್ತರಿಸಿ, ಲೋಹದ ಕ್ಯಾಸೆಟ್ಟಿಗೆ ತಾವೇ ತುಂಬಿಸ್ತಾ ಇದ್ರು, ತುದಿ ಕತ್ತರಿಸ್ಲಿಕ್ಕೆ ಲೈಕಾ ಮಾಡ್ತಿದ್ದ ಲೈಟ್ಸ್ ಕಂಪೆನಿಯದ್ದೇ ಒಂದು ಅಚ್ಚು ಬರ್ತಿತ್ತು. ಹಿಂದೆ ಬಾಗಿಲಿರುವ ಕ್ಯಾಮೆರಾಗಳು ಹೆಚ್ಚಾದ ಮೇಲೆ ಫಿಲ್ಮ್ ಕಂಪೆನಿಗಳು ಆ ನಾಲಗೆಯನ್ನು ಗಿಡ್ಡ ಮಾಡಿದವು. ಈಗ ಡಬ್ಬಿಯಲ್ಲಿ ಬರುದು ನಮಗೆ ಬೇಕಾದ ಉದ್ದದ ಅರ್ಧವೂ ಇಲ್ಲ.

ಬೇಕಾದ್ದು ಸುಮಾರು 10 ಸೆಂಟಿಮೀಟರ್. ತೂತು ಲೆಕ್ಕ ಹಾಕುವವರು 20, 21 ತೂತು ಅಂತ ಹೇಳ್ತಾರೆ. ನಾನು ಹಳೇ ಎಟಿಎಂ ಕಾರ್ಡ್ ಇಟ್ಕೊಂಡಿದ್ದೇನೆ, ಅದರ ಉದ್ದದ ಮೇಲೆ ಒಂದು ಬೆರಳಿನ ಅಗಲ ಸೇರಿಸಿದ್ರೆ ಸರಿ ಆಗ್ತದೆ. ಫ್ಯಾಕ್ಟರಿಯವರು ಯಾವ ಅಂಚು ಕತ್ತರಿಸಿದ್ದಾರೋ ಅದೇ ಗೆರೆಯನ್ನು ಮುಂದುವರಿಸುದು, ಹೊಸತಾಗಿ ಬುದ್ಧಿ ಓಡಿಸ್ಲಿಕ್ಕೆ ಹೋಗ್ಬಾರ್ದು. ಡಬ್ಬಿಯಿಂದ ಬೇಕಾದಷ್ಟೇ ಎಳೆದು, ಕಾರ್ಡಿನ ಅಂಚು ಇಟ್ಟು, ಉಗುರು ಕತ್ತರಿಸುವ ಚಿಕ್ಕ ಕತ್ತರಿಯಲ್ಲಿ ನಿಧಾನಕ್ಕೆ. ಕೊನೆಗೆ ಪೂರ್ತಿ ಅಗಲಕ್ಕೆ ತಿರುಗುವಲ್ಲಿ ಚೌಕ ಮೂಲೆ ಬಿಡ್ಬೇಡಿ, ಇಳಿಜಾರಾಗಿ ತಿರುಗಿಸಿ, ಮತ್ತೆ ತೂತಿನ ನಡುವಿಂದ ಕತ್ತರಿ ಹೋಗ್ಬಾರ್ದು. ಅರ್ಧ ತೂತು ಉಳಿದ್ರೆ ಹರಿಯುದು ಅಲ್ಲಿಂದಲೇ ಶುರು. ತಂಗಿಯ ಮಗ ಒಮ್ಮೆ ಎದುರು ಕೂತು ನೋಡ್ತಾ ಇದ್ದ, "ಮಾವ, ಇಷ್ಟು ದುಡ್ಡು ಕೊಟ್ಟು ತಂದ ಹೊಸ ಫಿಲ್ಮಿಗೆ ಕತ್ತರಿ ಹಾಕುದಾ" ಅಂದ. ಹಾಕುದೇ, ಒಂದು ಚಿತ್ರ ಹೋದ್ರೆ ಹೋಗ್ಲಿ, ಇನ್ನೂ ಮೂವತ್ತೈದು ಉಂಟಲ್ಲ.

ಇನ್ನು ಹಾಕುವ ಕೆಲಸ. ಅಡಿ ತಗಡು ತೆಗ್ದು, ಫಿಲ್ಮ್ ಸುತ್ತಿಕೊಳ್ಳುವ ಸ್ಪೂಲನ್ನು ಹೊರಗೆ ಎಳೀರಿ, ಅದು ಕಳಚಿ ಬರ್ತದೆ (ಆನ್‌ಲೈನಲ್ಲಿ ತಗೊಳ್ಳುವಾಗ ಒಳಗೆ ಸ್ಪೂಲ್ ಉಂಟಾ ಅಂತ ಮೊದಲು ಕೇಳಿ, ಅದಿಲ್ಲದಿದ್ರೆ ಕ್ಯಾಮೆರಾ ಶೋಕೇಸಿಗೆ ಮಾತ್ರ). ನಾಲಗೆಯ ತುದಿಯನ್ನು ಸ್ಪೂಲಿನ ಪಟ್ಟಿಯ ಅಡಿಗೆ ತೂರಿಸಿ, ನೇರ ಕೂತಿದಾ ನೋಡಿ, ಓರೆ ಕೂತ್ರೆ ಸುತ್ತುವಾಗಲೂ ಓರೆಯೇ ಸುತ್ತುದು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಸ್ಪೂಲ್, ನಡುವೆ ಫಿಲ್ಮ್ ಬಿಗಿಯಾಗಿ, ಎರಡನ್ನೂ ಒಟ್ಟಿಗೆ ಇಳಿಸ್ಬೇಕು. ಒಂದು ಮೊದಲು ಇನ್ನೊಂದು ಮತ್ತೆ ಅಂತ ಮಾಡಿದ್ರೆ ಫಿಲ್ಮ್ ಸೀಳಿನ ಬಾಯಲ್ಲೇ ಮಡಚಿಕೊಳ್ತದೆ. ಇಳಿದ ಮೇಲೆ ಫಿಲ್ಮಿನ ಅಂಚನ್ನು ಹೆಬ್ಬೆರಳಲ್ಲಿ ಮೆಲ್ಲ ಒತ್ತಿ ಪೂರ್ತಿ ಕೂರಿಸಿ. ಇದನ್ನು ಹೆಚ್ಚಿನವರು ಬಿಡ್ತಾರೆ, ಮತ್ತೆ ಡೆವಲಪ್ ಮಾಡಿ ನೋಡುವಾಗ ಚಿತ್ರ ತೂತಿನ ಸಾಲಿನ ಮೇಲೆ ಹತ್ತಿ ಕೂತಿರ್ತದೆ.

ಅಡಿ ಮುಚ್ಚುವ ಮೊದಲು ಒಂದು ಸಲ ವೈಂಡ್ ಮಾಡಿ ಬಗ್ಗಿ ನೋಡ್ತೇನೆ. ಹಲ್ಲು ತೂತಿನೊಳಗೆ ಸರಿಯಾಗಿ ಕೂತು ಫಿಲ್ಮ್ ಒಂದೇ ಸಮ ಜಾರಿದ್ರೆ ಮುಚ್ಚುದು, ತಡವರಿಸಿದ್ರೆ ತೆಗ್ದು ಪುನಃ. ಅಷ್ಟು ಫಿಲ್ಮಿಗೆ ಬೆಳಕು ಹೇಗೂ ಬಿದ್ದಾಗಿದೆ, ನಷ್ಟ ಎಂತದೂ ಇಲ್ಲ. ಮುಚ್ಚಿದ ಮೇಲೆ ರಿವೈಂಡ್ ಗುಂಡಿಯನ್ನು ಬಾಣದ ದಿಕ್ಕಿಗೆ ಮೆಲ್ಲ ತಿರುಗಿಸ್ಬೇಕು, ಒಳಗೆ ಸಡಿಲ ಇದ್ದದ್ದು ಬಿಗಿಯಾಗಿ ಬೆರಳಿಗೆ ತಡೆ ಸಿಗ್ತದೆ, ಅಲ್ಲಿಗೆ ನಿಲ್ಲಿಸುದು. ಈಗ ಎರಡು ಸಲ ಖಾಲಿ ಹೊಡೆದು ವೈಂಡ್ ಮಾಡುವಾಗ ಕಣ್ಣು ಆ ಗುಂಡಿಯ ಮೇಲೆಯೇ ಇರ್ಲಿ. ಅದು ಉಲ್ಟಾ ತಿರುಗಿದ್ರೆ ಫಿಲ್ಮ್ ನಡೀತಾ ಉಂಟು ಅಂತ ಲೆಕ್ಕ. ನಂಬರಿನ ಡಯಲನ್ನು ನಂಬ್ಬೇಡಿ, ಒಳಗೆ ಫಿಲ್ಮ್ ಇಲ್ಲದಿದ್ರೂ ಅದು 36ರವರೆಗೆ ಹೋಗ್ತದೆ. ಮತ್ತೆ ಆ ಡಯಲನ್ನು ಸೊನ್ನೆಗೆ ನಾವೇ ತಂದಿಡ್ಬೇಕು. ಶಟರ್ ಸ್ಪೀಡ್ ಬದಲಿಸುದಿದ್ರೆ ವೈಂಡ್ ಆದ ಮೇಲೆ ಮಾತ್ರ, ಈ ರಷ್ಯನ್ ಕ್ಯಾಮೆರಾಗಳಲ್ಲಿ ಅದು ಕಟ್ಟುನಿಟ್ಟು.

ಕತ್ತರಿ ಬೇಡ ಅನ್ನುವವರ ಉಪಾಯ ಎರಡುಂಟು. ಒಂದು, ವಿಸಿಟಿಂಗ್ ಕಾರ್ಡನ್ನು ಸೀಳಿನೊಳಗೆ ತೂರಿಸಿ ಅದರ ಮರೆಯಲ್ಲಿ ಫಿಲ್ಮ್ ಜಾರಿಸಿ ಕಾರ್ಡ್ ಎಳೆದು ತೆಗೆಯುದು. ಆಗ್ತದೆ, ಸುಳ್ಳಲ್ಲ, ಆದ್ರೆ ನಮ್ಮ ಆಷಾಢದಲ್ಲಿ ಕಾರ್ಡೂ ಮೆತ್ತಗೆ ಫಿಲ್ಮೂ ಮೆತ್ತಗೆ, ಒಂದಕ್ಕೊಂದು ಅಂಟಿ ಬರ್ತದೆ. ಇನ್ನೊಂದು, ಲೆನ್ಸ್ ತೆಗ್ದು ಶಟರ್ ಬಿ ಮೇಲಿಟ್ಟು (ಬಟನ್ ಒತ್ತಿದಷ್ಟು ಹೊತ್ತು ತೆರೆದೇ ಇರ್ತದೆ) ತೆರೆದು ಹಿಡ್ಕೊಂಡು ಎದುರಿಂದ ಬೆರಳು ಹಾಕಿ ಫಿಲ್ಮ್ ತಳ್ಳುದು. ಬಟನ್ ಮೇಲಿನ ಬೆರಳು ಒಂದು ಜಾರಿದ್ರೆ ಎಪ್ಪತ್ತು ವರ್ಷದ ಬಟ್ಟೆ ಪರದೆ ನಿಮ್ಮ ಬೆರಳಿಗೆ ಬಡೀತದೆ. ನಾನು ಮಾಡುದಿಲ್ಲ.

ಮನೆಯಲ್ಲೇ ಕತ್ತರಿಸಿ ಅಂತ ಒತ್ತಿ ಹೇಳುದು ಯಾಕಂದ್ರೆ ನಾನು ಈ ಕ್ಯಾಮೆರಾ ತಗೊಂಡು ಹೋಗುದು ಹೆಚ್ಚಾಗಿ ಯಕ್ಷಗಾನ ಬಯಲಾಟಕ್ಕೆ, ಅದರಲ್ಲೂ ವೇಷ ಕಟ್ಟುವ ಚೌಕಿಗೆ. ಶಬ್ದ ಕಮ್ಮಿ, ಫ್ಲ್ಯಾಶ್ ಬೇಡ, ಯಾರಿಗೂ ಕಿರಿಕಿರಿ ಇಲ್ಲ. ಬಣ್ಣದ ವೇಷದವರು ಕನ್ನಡಿ ಎದುರು ಕೂತು ಅಕ್ಕಿಹಿಟ್ಟಿನ ಚುಟ್ಟಿಯನ್ನು ಒಂದೊಂದೇ ಚುಕ್ಕಿಯಾಗಿ ಮುಖಕ್ಕೆ ಇಡ್ತಾ ಇರ್ತಾರೆ, ಗಂಟೆಗಟ್ಟಲೆಯ ಕೆಲಸ, ಆದ್ರೂ ಫಿಲ್ಮ್ ಮುಗಿಯುದು ಸರೀ ಕಿರೀಟ ಕಟ್ಟುವ ಹೊತ್ತಿಗೆ. ಆಗ ಅಲ್ಲಿ ಕತ್ತರಿ ಹುಡುಕ್ಲಿಕ್ಕೆ ಆಗ್ತದಾ? ಒಬ್ಬರು ಹಿರಿಯ ವೇಷಧಾರಿಗಳು ನಾನು ಪರದಾಡ್ತಿದ್ದೇನೆ ಅಂತ ತಿಳ್ಕೊಂಡು "ಕತ್ತರಿ ಬೇಕಾ ಮಾರಾಯ್ರೇ" ಅಂತ ಸಂಚಿಯಿಂದ ಅಡಕೆಕತ್ತರಿ ತೆಗ್ದು ಕೊಟ್ಟಿದ್ರು. ಕಿಸೆಯಲ್ಲಿ ಕತ್ತರಿಸಿಟ್ಟ ರೋಲ್ ಇತ್ತು, ಅಡಕೆಕತ್ತರಿ ಅಡಕೆಗೇ ಆಯ್ತು.

ಮಳೆಗಾಲದ ಮಾತು ಬಂತಲ್ಲ, ಫ್ರಿಜ್ಜಿನಿಂದ ತೆಗೆದ ರೋಲನ್ನು ಕೂಡ್ಲೇ ಹೊರಗಿನ ಡಬ್ಬಿ ಬಿಚ್ಚಿ ಕತ್ತರಿಸ್ಲಿಕ್ಕೆ ಹೋಗ್ಬೇಡಿ. ಕುಂಬಳೆ, ಬದಿಯಡ್ಕ ಕಡೆಯ ಜುಲೈ ಗಾಳಿ ತಾಗಿದ್ರೆ ತಣ್ಣಗಿನ ಫಿಲ್ಮಿನ ಮೇಲೆ ನೀರು ಕೂರ್ತದೆ. ಮುಚ್ಚಿದ ಡಬ್ಬಿಯಲ್ಲೇ ಎರಡು ಗಂಟೆ ಹೊರಗಿಟ್ಟು ಮತ್ತೆ ತೆಗೀರಿ. ಬೇಸಿಗೆಯಲ್ಲಿ ಬೇಕಲ ಕಡಲ ಬದಿಗೆ ಹೋದ್ರೆ ಬೇರೆ ತಾಪತ್ರಯ, ಕ್ಯಾಪ್ ಹಾಕದೆ ಲೆನ್ಸನ್ನು ಸೂರ್ಯನ ಕಡೆಗೆ ಬಿಟ್ರೆ ಬಟ್ಟೆ ಪರದೆಗೆ ಸುಟ್ಟು ತೂತು ಬೀಳ್ತದೆ. ಫಿಲ್ಮ್ ಬದಲಿಸುದಾದ್ರೆ ನೆರಳಿಗೆ ಬನ್ನಿ, ನೆರಳಿಲ್ಲದಿದ್ರೆ ಬಿಸಿಲಿಗೆ ಬೆನ್ನು ಹಾಕಿ ಮೈಯ ನೆರಳಲ್ಲಾದ್ರೂ ಮಾಡಿ.

ರೋಲ್ ಮುಗಿದ ಮೇಲೆ ರಿವೈಂಡ್ ಮಾಡುವಾಗ ಕೆಲವರು ತುದಿ ಹೊರಗೆ ಬಿಡ್ತಾರೆ, ಡೆವಲಪ್ ಮಾಡುವಾಗ ಸುಲಭ ಅಂತ. ಕತ್ತರಿಸಿದ ರೋಲ್ ಕಿಸೆಯಲ್ಲಿ ಇಟ್ಕೊಳ್ಳುವವರು ಹಾಗೆ ಮಾಡ್ಬಾರ್ದು, ಉದ್ದ ನಾಲಗೆಯ ಹೊಸತು ಯಾವುದು ಮುಗಿದದ್ದು ಯಾವುದು ಅಂತ ನಡುರಾತ್ರಿ ಗೊತ್ತಾಗುದಿಲ್ಲ. ಪೂರ್ತಿ ಒಳಗೆ ಸುತ್ತಿಸಿ, ಡಬ್ಬಿ ಮೇಲೆ ಮಾರ್ಕರಲ್ಲಿ ತಾರೀಕು ಬರೆದು ಇನ್ನೊಂದು ಕಿಸೆಗೆ ಹಾಕಿ.